ಹಾಲೋ, ಬುದ್ಧಿಮಾತೋ? ಇಂಗ್ಲೆಂಡಿನ ತಾಯಿ-ಮಗು ಕ್ಲಿನಿಕ್‌ಗಳ ನೂರು ವರ್ಷದ ಜಗಳ

ಇಂಗ್ಲೆಂಡಿನಲ್ಲಿ ಚಿಕ್ಕ ಮಕ್ಕಳಿರುವ ಕುಟುಂಬಗಳ ಕೇಂದ್ರಗಳಿಗೆ ಮತ್ತೆ ಜೀವ ಬರುತ್ತಿದೆ. 2025ರ ಜುಲೈನಲ್ಲಿ ಅಲ್ಲಿನ ಸರ್ಕಾರ ‘ಬೆಸ್ಟ್ ಸ್ಟಾರ್ಟ್ ಫ್ಯಾಮಿಲಿ ಹಬ್’ ಯೋಜನೆ ಪ್ರಕಟಿಸಿತು. 2028ರ ಕೊನೆಯೊಳಗೆ ಸಾವಿರದವರೆಗೆ ಹಬ್‌ಗಳು ಬರಬೇಕು ಅನ್ನುವುದು ಗುರಿ. ಇದಕ್ಕೂ ಮೊದಲು, 1998ರಲ್ಲಿ ಘೋಷಣೆಯಾದ ‘ಶ್ಯೂರ್ ಸ್ಟಾರ್ಟ್’ ಕೇಂದ್ರಗಳಿದ್ದವು. 2010ರ ನಂತರ ಖರ್ಚು ಕಡಿಮೆ ಮಾಡುವ ಭರದಲ್ಲಿ ಅವುಗಳಲ್ಲಿ ಎಷ್ಟೋ ಕೇಂದ್ರಗಳು ಬಾಗಿಲು ಹಾಕಿದವು. ಈಗ ಬೇರೆ ಹೆಸರಲ್ಲಿ ಅದೇ ಕೆಲಸ ಮತ್ತೆ ಶುರು.

ಇಂಥ ಯೋಜನೆ ಬಂದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ. ಬಡ ತಾಯಿಗೆ ಬೇಕಾದದ್ದು ತಿಳಿವಳಿಕೆಯಾ, ದುಡ್ಡಾ? ಎರಡು ಮಹಾಯುದ್ಧಗಳ ನಡುವೆ, ಅಂದರೆ 1918ರಿಂದ 1939ರವರೆಗೆ, ಇದೇ ದೇಶ ಊರೂರಿನಲ್ಲೂ ತಾಯಿ-ಮಗು ಕ್ಲಿನಿಕ್ ತೆರೆದು ಈ ಪ್ರಶ್ನೆಗೆ ಉತ್ತರ ಕೊಟ್ಟಿತ್ತು. ತಿಳಿವಳಿಕೆ ಕೊಡೋಣ, ಉಳಿದದ್ದನ್ನು ಆದಷ್ಟು ಕೊಡದಿರೋಣ ಅನ್ನುವುದು ಆ ಉತ್ತರದ ತಿರುಳು. ಅದರಿಂದ ಏನಾಯಿತು, ಏನಾಗಲಿಲ್ಲ ಅನ್ನುವುದು ಇವತ್ತಿನ ಚರ್ಚೆಗೆ ತುಂಬ ಬೇಕಾದ ವಿಷಯ.

ಕಥೆ ಸ್ವಲ್ಪ ಹಿಂದಿನಿಂದ ಶುರುವಾಗುತ್ತದೆ. 1899ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 163 ಮಕ್ಕಳು ವರ್ಷ ತುಂಬುವ ಮೊದಲೇ ತೀರಿಹೋದವು. ಬೇಸಿಗೆ ಬಂತೆಂದರೆ ಭೇದಿ. ಊರಿಗೆ ಬರುವ ಹಸುವಿನ ಹಾಲು ಕೊಳಕಾಗಿರುತ್ತಿತ್ತು, ಬಡವರ ಬೀದಿಗಳಲ್ಲಿ ನೀರಿನ ಕಕ್ಕಸು ಇರಲಿಲ್ಲ, ನೊಣಗಳಿಗೆ ಲೆಕ್ಕವಿರಲಿಲ್ಲ. ಅದೇ ವರ್ಷ ಸೇಂಟ್ ಹೆಲೆನ್ಸ್ ಅನ್ನುವ ಪಟ್ಟಣ ಎಳೆ ಮಕ್ಕಳಿಗಾಗಿಯೇ ಶುದ್ಧ ಹಾಲು ಮಾರುವ ಡಿಪೊ ತೆರೆಯಿತು. ಲಿವರ್‌ಪೂಲ್, ಬ್ಯಾಟರ್‌ಸೀ ಅದನ್ನೇ ಮಾಡಿದವು. 1904ರಲ್ಲಿ ಹಡರ್ಸ್‌ಫೀಲ್ಡ್‌ನ ಮೇಯರ್ ಬೆಂಜಮಿನ್ ಬ್ರಾಡ್‌ಬೆಂಟ್ ಇನ್ನೂ ನೇರವಾದ ದಾರಿ ಹಿಡಿದರು. ಲಾಂಗ್‌ವುಡ್ ಬಡಾವಣೆಯಲ್ಲಿ ಹುಟ್ಟುವ ಮಗು ಒಂದು ವರ್ಷ ಬದುಕಿದರೆ ತಾಯಿಗೆ ಒಂದು ಪೌಂಡ್ ಕೊಡುತ್ತೇನೆ ಎಂದು ಮಾತು ಕೊಟ್ಟರು. ಜೊತೆಗೆ ಮನೆಮನೆಗೆ ಹೋಗಿ ವಿಚಾರಿಸುವ ಮಹಿಳೆಯರನ್ನೂ ಕಳಿಸಿದರು. 1907ರಲ್ಲಿ ಲಂಡನ್ನಿನ ಸೇಂಟ್ ಪ್ಯಾಂಕ್ರಸ್‌ನಲ್ಲಿ ‘ತಾಯಂದಿರ ಶಾಲೆ’ ಶುರುವಾಯಿತು. ಅಲ್ಲಿ ಪಾಠವೂ ಇತ್ತು, ಹಾಲೂಡಿಸುವ ತಾಯಂದಿರಿಗೆ ಅಗ್ಗದ ಊಟವೂ ಇತ್ತು.

ಗಮನಿಸಿ, ಶುರುವಿನ ಈ ಪ್ರಯತ್ನಗಳಲ್ಲಿ ಕೈಗೆ ಏನಾದರೂ ಸಿಗುತ್ತಿತ್ತು. ಹಾಲು, ಊಟ, ದುಡ್ಡು. ಸರ್ಕಾರ ಒಳಗೆ ಬಂದ ಮೇಲೆ ತಕ್ಕಡಿ ನಿಧಾನಕ್ಕೆ ಬುದ್ಧಿಮಾತಿನ ಕಡೆಗೆ ವಾಲಿತು.

ಸರ್ಕಾರ ಯಾಕೆ ಬಂತು? ತಾಯಂದಿರ ಮೇಲಿನ ಮರುಕ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಸೈನ್ಯ. ದಕ್ಷಿಣ ಆಫ್ರಿಕಾದಲ್ಲಿ ನಡೆದ ಬೋಯರ್ ಯುದ್ಧಕ್ಕೆ ಸೇರಲು ಬಂದ ಯುವಕರಲ್ಲಿ ಎಷ್ಟೋ ಜನ ದೇಹದಾರ್ಢ್ಯ ಇಲ್ಲದೆ ವಾಪಸ್ ಹೋಗಿದ್ದರು. ಜನನ ಪ್ರಮಾಣ ಇಳಿಯುತ್ತಿತ್ತು. ನಂತರ ಮೊದಲ ಮಹಾಯುದ್ಧ ಲಕ್ಷಾಂತರ ಗಂಡಸರನ್ನು ತಿಂದು ಹಾಕಿತು. 1917ರಲ್ಲಿ ದೇಶದ ತುಂಬ ‘ಶಿಶು ಸಪ್ತಾಹ’ ನಡೆಯಿತು. ಕಂದಕದಲ್ಲಿರುವ ಸೈನಿಕನಿಗಿಂತ ತೊಟ್ಟಿಲಲ್ಲಿರುವ ಕೂಸಿಗೇ ಸಾವಿನ ಭಯ ಜಾಸ್ತಿ ಅನ್ನುವ ಮಾತು ವೇದಿಕೆಗಳಲ್ಲಿ ಕೇಳಿಬರುತ್ತಿತ್ತು. ಇನ್ನೊಂದು ಕಡೆಯಿಂದ ಮಹಿಳೆಯರ ಒತ್ತಡವೂ ಇತ್ತು. ಮಾರ್ಗರೆಟ್ ಲ್ವೆಲಿನ್ ಡೇವಿಸ್ ಕಾರ್ಯದರ್ಶಿಯಾಗಿದ್ದ ‘ವಿಮೆನ್ಸ್ ಕೋಆಪರೇಟಿವ್ ಗಿಲ್ಡ್’ ಕಾರ್ಮಿಕ ಕುಟುಂಬದ ತಾಯಂದಿರಿಂದ ಪತ್ರ ಬರೆಸಿ, 1915ರಲ್ಲಿ ಅವನ್ನು ಅಚ್ಚು ಹಾಕಿಸಿತು. ಹೆರಿಗೆಯಾದ ಕೆಲವೇ ದಿನಕ್ಕೆ ಬಟ್ಟೆ ಒಗೆಯಲು ನಿಂತದ್ದು, ಗಂಡ ಮಕ್ಕಳಿಗೆ ಬಡಿಸಿ ತಾನು ಹಸಿದು ಮಲಗಿದ್ದು, ಮೇಲಿಂದ ಮೇಲೆ ಗರ್ಭಪಾತ ಆದದ್ದು, ಎಲ್ಲವನ್ನೂ ಆ ಹೆಂಗಸರು ಮುಚ್ಚುಮರೆ ಇಲ್ಲದೆ ಬರೆದಿದ್ದರು.

ಇದೆಲ್ಲ ಸೇರಿ 1918ರ ‘ತಾಯಿ ಮತ್ತು ಮಕ್ಕಳ ಕಲ್ಯಾಣ ಕಾಯ್ದೆ’ ಬಂತು. ಹೆಲ್ತ್ ವಿಸಿಟರ್‌ಗಳನ್ನು, ಅಂದರೆ ಮನೆಗೆ ಹೋಗಿ ತಾಯಿ ಮಗುವಿನ ಆರೋಗ್ಯ ವಿಚಾರಿಸುವ ಕಾರ್ಯಕರ್ತೆಯರನ್ನು ನೇಮಿಸಲು, ಕ್ಲಿನಿಕ್ ಮತ್ತು ಶಿಶುವಿಹಾರ ನಡೆಸಲು, ಬಾಣಂತಿ ಬಸುರಿಯರಿಗೆ ಆಹಾರ ಕೊಡಲು ಸ್ಥಳೀಯ ಸಂಸ್ಥೆಗಳಿಗೆ ಅಧಿಕಾರ ಸಿಕ್ಕಿತು. ಖರ್ಚಿನ ಅರ್ಧ ಕೇಂದ್ರ ಸರ್ಕಾರದ್ದು. ಇದಕ್ಕಾಗಿ ಸಮಿತಿ ಮಾಡಬೇಕು, ಅದರಲ್ಲಿ ಕನಿಷ್ಠ ಇಬ್ಬರು ಮಹಿಳೆಯರು ಇರಲೇಬೇಕು ಎಂದೂ ಕಾಯ್ದೆ ಹೇಳಿತು. ಆದರೆ ಸೇವೆ ಕೊಡಲೇಬೇಕೆಂಬ ಕಡ್ಡಾಯ ಇರಲಿಲ್ಲ. ಕೊಡುವುದೂ ಬಿಡುವುದೂ ಆ ಊರಿನ ಕೌನ್ಸಿಲ್‌ಗೆ ಬಿಟ್ಟ ವಿಷಯ. ಮುಂದಿನ ಇಪ್ಪತ್ತು ವರ್ಷದ ಎಷ್ಟೋ ಏರುಪೇರುಗಳ ಬೇರು ಇಲ್ಲೇ ಇದೆ.

ಹಾಗಿದ್ದರೂ ಕ್ಲಿನಿಕ್‌ಗಳು ಬೇಗ ಹಬ್ಬಿದವು. 1930ರ ದಶಕದ ಕೊನೆಗೆ ಮೂರು ಸಾವಿರಕ್ಕೂ ಹೆಚ್ಚು ಕೇಂದ್ರಗಳಿದ್ದವು. ಅದಕ್ಕೆಂದೇ ಕಟ್ಟಿದ ಕಟ್ಟಡಗಳು ಕಡಿಮೆ. ಹೆಚ್ಚಿನ ಕಡೆ ಚರ್ಚ್ ಹಾಲ್, ಭಾನುವಾರದ ಶಾಲೆಯ ಕೋಣೆ, ಮಿಷನ್ ಕಟ್ಟಡ. ವಾರಕ್ಕೆ ಒಂದೋ ಎರಡೋ ಮಧ್ಯಾಹ್ನ. ತಾಯಂದಿರು ತಳ್ಳುಗಾಡಿಗಳನ್ನು ಹೊರಗೆ ನಿಲ್ಲಿಸಿ ಒಳಗೆ ಬರುತ್ತಾರೆ. ಬೆಂಚಿನ ಮೇಲೆ ಕೂತು ಮಗುವಿನ ಬಟ್ಟೆ ಬಿಚ್ಚಿ ಶಾಲಿನಲ್ಲಿ ಸುತ್ತಿಕೊಳ್ಳುತ್ತಾರೆ. ಸರದಿ ಬಂದಾಗ ಮಗು ತಕ್ಕಡಿಯ ಬುಟ್ಟಿಗೆ ಹೋಗುತ್ತದೆ. ಸಮಿತಿಯ ಸ್ವಯಂಸೇವಕಿಯೊಬ್ಬರು ತೂಕ ಕೂಗಿ ಹೇಳಿದರೆ ಇನ್ನೊಬ್ಬರು ಕಾರ್ಡಿನ ಮೇಲೆ ಬರೆಯುತ್ತಾರೆ. ಹೋದ ವಾರಕ್ಕಿಂತ ಜಾಸ್ತಿ ಆಗಿದೆಯಾ, ಕಡಿಮೆಯಾ? ಹೆಲ್ತ್ ವಿಸಿಟರ್ ಜೊತೆ ಎರಡು ಮಾತು. ಮೂಲೆಯ ಮೇಜಿನ ಹಿಂದೆ ಡಾಕ್ಟರ್. ಈ ಡಾಕ್ಟರ್‌ಗಳಲ್ಲಿ ತುಂಬ ಜನ ಮಹಿಳೆಯರು, ಯಾಕೆಂದರೆ ಬೇರೆ ಕಡೆ ಅವರಿಗೆ ಕೆಲಸದ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ. ಹೊರಡುವ ಮುಂಚೆ ಅಸಲು ಬೆಲೆಗೆ ಒಂದು ಡಬ್ಬಿ ಹಾಲಿನ ಪುಡಿ, ಅಗ್ಗದ ಒಂದು ಲೋಟ ಚಹ.

ಆ ಚಹ ಸಣ್ಣ ವಿಷಯ ಅಲ್ಲ. ದಿನವಿಡೀ ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ದುಡಿಯುವ ಹೆಂಗಸಿಗೆ ಅದು ವಾರದಲ್ಲಿ ಸಿಗುವ ಒಂದೇ ಒಂದು ಬಿಡುವು. ಪಕ್ಕದ ಬೀದಿಯವಳ ಮಗುವನ್ನು ನೋಡುವುದು, ತನ್ನ ಮಗು ಚೆನ್ನಾಗಿದೆ ಅಂತ ನಾಲ್ಕು ಜನರ ಮುಂದೆ ಕೇಳಿಸಿಕೊಳ್ಳುವುದು, ಇದಕ್ಕೂ ಬೆಲೆ ಇದೆ. ಕ್ಲಿನಿಕ್‌ಗಳನ್ನು ಬರೀ ಉಪದೇಶದ ಅಂಗಡಿ ಅಂತ ತಳ್ಳಿಹಾಕುವವರು ಇದನ್ನು ಮರೆಯುತ್ತಾರೆ. ಯಾರೂ ಎಳೆದುಕೊಂಡು ಬರದೆ ಲಕ್ಷಾಂತರ ತಾಯಂದಿರು ತಾವಾಗಿಯೇ ಬಂದರು. ಸುಮ್ನೆ ಬರುತ್ತಾರಾ?

ಉಪದೇಶವಂತೂ ಧಾರಾಳವಾಗಿತ್ತು. ನಾಲ್ಕು ಗಂಟೆಗೊಮ್ಮೆ ಮಾತ್ರ ಹಾಲು, ರಾತ್ರಿ ಹಾಲು ಬೇಡ, ಅತ್ತ ತಕ್ಷಣ ಎತ್ತಿಕೊಳ್ಳಬೇಡಿ. ನ್ಯೂಜಿಲೆಂಡ್‌ನ ಟ್ರೂಬಿ ಕಿಂಗ್ ಹೇಳಿಕೊಟ್ಟ ಈ ಗಡಿಯಾರದ ಪದ್ಧತಿ ಆಗ ಇಂಗ್ಲೆಂಡಿನಲ್ಲಿ ಜೋರಾಗಿ ನಡೆಯುತ್ತಿತ್ತು. ಮಗುವಿಗೆ ಬೇರೆ ಹಾಸಿಗೆ ಇರಲಿ, ಕಿಟಕಿ ತೆರೆದಿರಲಿ ಅನ್ನುವ ಮಾತುಗಳೂ ಇದ್ದವು. ಇಡೀ ಕುಟುಂಬ ಒಂದೇ ಕೋಣೆಯಲ್ಲಿ ಮಲಗುವ ಮನೆಗೆ ಈ ಮಾತು ಹೇಗೆ ಹೊಂದುತ್ತದೆ ಹೇಳಿ?

ಇನ್ನು ಈ ವ್ಯವಸ್ಥೆಯ ದೊಡ್ಡ ತೊಡಕಿಗೆ ಬರೋಣ. ಕ್ಲಿನಿಕ್‌ನಲ್ಲಿ ಡಾಕ್ಟರ್ ಇದ್ದರು, ಆದರೆ ಸಾಮಾನ್ಯವಾಗಿ ಅವರು ಚಿಕಿತ್ಸೆ ಕೊಡುವಂತಿರಲಿಲ್ಲ. ಮಗುವಿಗೆ ಕಿವಿ ಸೋರುತ್ತಿದೆ, ಎದೆಯಲ್ಲಿ ಕಫ ಕಟ್ಟಿದೆ ಅಂತ ಕಂಡರೆ ‘ನಿಮ್ಮ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ’ ಎಂದು ಹೇಳಿ ಕಳಿಸಬೇಕು. ಖಾಸಗಿ ವೈದ್ಯರಿಗೆ ತಮ್ಮ ಗಿರಾಕಿ ತಪ್ಪುತ್ತಾರೆ ಅನ್ನುವ ಭಯ ಇತ್ತು. ಆರೋಗ್ಯ ಸಚಿವಾಲಯ ಅವರನ್ನು ಎದುರು ಹಾಕಿಕೊಳ್ಳಲು ತಯಾರಿರಲಿಲ್ಲ. ಈಗ ತಾಯಿಯ ಜಾಗದಲ್ಲಿ ನಿಂತು ನೋಡಿ. 1911ರ ರಾಷ್ಟ್ರೀಯ ವಿಮೆ ಕಾಯ್ದೆ ದುಡಿಯುವ ಗಂಡಸಿಗೆ ಡಾಕ್ಟರ್ ಸೌಲಭ್ಯ ಕೊಟ್ಟಿತ್ತು. ಹೆಂಡತಿ ಮಕ್ಕಳಿಗೆ ಕೊಟ್ಟಿರಲಿಲ್ಲ. ಹೆರಿಗೆಗೆ 30 ಶಿಲಿಂಗ್ ಬರುತ್ತಿತ್ತು, ಅಷ್ಟೇ. ಕ್ಲಿನಿಕ್ ಹೇಳಿದ ಆ ಡಾಕ್ಟರ್ ಹತ್ತಿರ ಹೋಗಬೇಕೆಂದರೆ ಕೈಯಿಂದ ಫೀಸು ಕೊಡಬೇಕು. ಕಾಯಿಲೆ ಏನು ಅಂತ ಗೊತ್ತಾಯಿತು, ವಾಸಿ ಮಾಡಿಸಲು ದುಡ್ಡಿಲ್ಲ. ಇಂಥ ಸ್ಥಿತಿಗೆ ತಾಯಿಯ ಅಜ್ಞಾನವನ್ನು ದೂರುವುದು ಅನ್ಯಾಯ ಅಂತಲೇ ನನಗನ್ನಿಸುತ್ತದೆ.

ಹಾಲಿನ ಕಥೆಯೂ ಹೀಗೇ. 1918ರಲ್ಲಿ ಬಸುರಿಯರಿಗೆ ಮತ್ತು ಚಿಕ್ಕ ಮಕ್ಕಳಿಗೆ ಉಚಿತವಾಗಿ ಅಥವಾ ಕಡಿಮೆ ಬೆಲೆಗೆ ಹಾಲು ಕೊಡಲು ಅವಕಾಶ ಆಯಿತು. ಮೂರು ವರ್ಷ ಕಳೆಯುವಷ್ಟರಲ್ಲಿ ಉಳಿತಾಯದ ಗಾಳಿ ಬೀಸಿತು. ಹಾಲಿನ ಖರ್ಚಿಗೆ ಕಡಿವಾಣ ಬಿತ್ತು, ಆದಾಯದ ಪರೀಕ್ಷೆ ಬಿಗಿಯಾಯಿತು. ಗಂಡನಿಗೆ ಕೆಲಸ ಹೋಗಿ ಮನೆಯಲ್ಲಿ ಹಾಲು ಬೇಕಾದ ಹೊತ್ತಿಗೇ ಕೌನ್ಸಿಲ್ ಬೊಕ್ಕಸವೂ ಬರಿದಾಗಿರುತ್ತಿತ್ತು. ಸ್ಥಳೀಯ ತೆರಿಗೆ ನಂಬಿ ನಡೆಸುವ ಸೇವೆಯ ಪಾಡು ಇದು. ಬಡ ಊರಿಗೆ ಬೇಕಾದದ್ದು ಹೆಚ್ಚು, ಕೈಯಲ್ಲಿರುವುದು ಕಡಿಮೆ.

ಎಲ್ಲ ಊರೂ ಒಂದೇ ತರ ಇರಲಿಲ್ಲ. ಲಂಡನ್ನಿನ ಹಡಗುಕಟ್ಟೆಯ ಪಕ್ಕದ ಬರ್ಮಂಡ್ಸಿ ಬಡವರ ಊರು. ಅಲ್ಲಿ ಲೇಬರ್ ಪಕ್ಷದ ಕೌನ್ಸಿಲ್, ಡಾಕ್ಟರ್ ಆಲ್ಫ್ರೆಡ್ ಸಾಲ್ಟರ್ ಮತ್ತು 1922ರಲ್ಲಿ ಮೇಯರ್ ಆದ ಅವರ ಪತ್ನಿ ಏಡಾ ಸಾಲ್ಟರ್ ಅವರ ಪ್ರಭಾವದಲ್ಲಿ, ಆರೋಗ್ಯಕ್ಕೆ ಕೈಬಿಚ್ಚಿ ಖರ್ಚು ಮಾಡಿತು. ತಾನೇ ಆರೋಗ್ಯದ ಸಿನಿಮಾ ತೆಗೆದು ವ್ಯಾನಿನಲ್ಲಿ ಬೀದಿಬೀದಿಗೆ ಒಯ್ದು ತೋರಿಸಿತು. 1936ರಲ್ಲಿ ದೊಡ್ಡ ಆರೋಗ್ಯ ಕೇಂದ್ರ ಕಟ್ಟಿತು. 1938ರಲ್ಲಿ ಫಿನ್ಸ್‌ಬರಿ ಕೌನ್ಸಿಲ್, ವಾಸ್ತುಶಿಲ್ಪಿ ಲುಬೆಟ್ಕಿನ್ ವಿನ್ಯಾಸ ಮಾಡಿದ ಕಟ್ಟಡದಲ್ಲಿ ಕ್ಷಯದ ಕ್ಲಿನಿಕ್, ಹಲ್ಲಿನ ಡಾಕ್ಟರ್, ತಾಯಿ-ಮಗು ಸೇವೆ ಎಲ್ಲವನ್ನೂ ಒಂದೇ ಸೂರಿನಡಿ ತಂದಿತು. ಆ ಕಟ್ಟಡ ಇವತ್ತಿಗೂ ನಿಂತಿದೆ. ಇನ್ನು ಕೆಲವು ಕೌನ್ಸಿಲ್‌ಗಳು ಒಬ್ಬ ಹೆಲ್ತ್ ವಿಸಿಟರ್‌ಗೇ ಹತ್ತಾರು ಹಳ್ಳಿ ಹಂಚಿ ಕೈತೊಳೆದುಕೊಂಡವು.

ಹಾಗಾದರೆ ಮಕ್ಕಳು ಉಳಿದವಾ? ಉಳಿದವು. 1911ರ ಸುಡುಬೇಸಿಗೆಯಲ್ಲಿ ಶಿಶು ಮರಣ ಸಾವಿರಕ್ಕೆ 130 ಇತ್ತು. 1921ರ ಬೇಸಿಗೆಯೂ ಕಡುಬಿಸಿಲಿನದೇ, ಆದರೆ ಆ ವರ್ಷದ ಸಂಖ್ಯೆ 83. 1930ರಲ್ಲಿ 60. ಯುದ್ಧ ಶುರುವಾಗುವ ಹೊತ್ತಿಗೆ 50ರ ಆಸುಪಾಸು. ಇದರ ಯಶಸ್ಸು ಪೂರ್ತಿ ಕ್ಲಿನಿಕ್‌ಗಳದ್ದಾ ಅನ್ನುವುದು ಬೇರೆ ಪ್ರಶ್ನೆ. ಅದೇ ಕಾಲದಲ್ಲಿ ನೀರಿನ ಕಕ್ಕಸು ಬಂತು, ಬೀದಿಯಲ್ಲಿ ಕುದುರೆ ಲದ್ದಿ ಕಡಿಮೆಯಾಯಿತು, ಹಾಲಿನ ಪುಡಿ ಬಂತು, ಮನೆಗೆ ಆರೇಳು ಮಕ್ಕಳಿದ್ದದ್ದು ಎರಡು ಮೂರಕ್ಕೆ ಇಳಿಯಿತು. ಇವುಗಳಲ್ಲಿ ಯಾವುದಕ್ಕೆ ಎಷ್ಟು ಪಾಲು ಅಂತ ಇತಿಹಾಸಕಾರರು ಇನ್ನೂ ವಾದ ಮಾಡುತ್ತಿದ್ದಾರೆ. ಒಂದು ಸುಳಿವು ಇದೆ. ಸಾವು ಚೆನ್ನಾಗಿ ಇಳಿದದ್ದು ಒಂದು ತಿಂಗಳು ದಾಟಿದ ಮಕ್ಕಳಲ್ಲಿ. ಹುಟ್ಟಿದ ಮೊದಲ ತಿಂಗಳಿನ ಸಾವು ನಿಧಾನಕ್ಕೆ ಮಾತ್ರ ಇಳಿಯಿತು. ಮೊದಲ ತಿಂಗಳ ಸಾವಿಗೆ ತಾಯಿಯ ಆರೋಗ್ಯ ಮತ್ತು ಹೆರಿಗೆಯ ರೀತಿಯೇ ಮುಖ್ಯ ಕಾರಣ, ಅಲ್ವಾ? ತಕ್ಕಡಿ ಅಲ್ಲಿಗೆ ತಲುಪುತ್ತಿರಲಿಲ್ಲ.

ವರ್ಗದ ಅಂತರವೂ ಕರಗಲಿಲ್ಲ. 1930-32ರ ಲೆಕ್ಕದಲ್ಲಿ ಮೇಲ್ವರ್ಗದ ಮನೆಗಳಲ್ಲಿ ಶಿಶು ಮರಣ ಸಾವಿರಕ್ಕೆ 33, ಕೂಲಿ ಮಾಡುವವರ ಮನೆಗಳಲ್ಲಿ 77.

ದುಡ್ಡಿನ ಪ್ರಶ್ನೆಯನ್ನು ಎಲ್ಲರ ಮುಂದೆ ಇಟ್ಟವರು ಸ್ಟಾಕ್‌ಟನ್-ಆನ್-ಟೀಸ್ ಪಟ್ಟಣದ ಆರೋಗ್ಯಾಧಿಕಾರಿ ಡಾ. ಮ್ಯಾಕ್‌ಗಾನಿಗಲ್. 1927ರಲ್ಲಿ ಅಲ್ಲಿನ ಕೌನ್ಸಿಲ್ ಒಂದು ಕೊಳೆಗೇರಿ ಖಾಲಿ ಮಾಡಿಸಿ, ಸುಮಾರು 150 ಕುಟುಂಬಗಳನ್ನು ಮೌಂಟ್ ಪ್ಲೆಸೆಂಟ್ ಅನ್ನುವ ಹೊಸ ಬಡಾವಣೆಗೆ ಕಳಿಸಿತು. ಒಳ್ಳೆಯ ಮನೆ, ಗಾಳಿ ಬೆಳಕು, ಸ್ನಾನದ ಕೋಣೆ. ಐದು ವರ್ಷ ಕಳೆದ ಮೇಲೆ ನೋಡಿದರೆ ಅಲ್ಲಿನ ಸಾವಿನ ಪ್ರಮಾಣ ಸಾವಿರಕ್ಕೆ 23ರಿಂದ 33ರ ಮೇಲಕ್ಕೆ ಹೋಗಿತ್ತು. ಹಳೆಯ ಕೊಳೆಗೇರಿಯಂಥದ್ದೇ ಇನ್ನೊಂದು ಜಾಗದಲ್ಲಿ ಉಳಿದವರಲ್ಲಿ ಅದು ಸ್ವಲ್ಪ ಇಳಿದಿತ್ತು. ಯಾಕೆ ಹೀಗೆ? ಮ್ಯಾಕ್‌ಗಾನಿಗಲ್ ಮನೆಮನೆಯ ಖರ್ಚಿನ ಲೆಕ್ಕ ತೆಗೆಸಿದರು. ಹೊಸ ಮನೆಯ ಬಾಡಿಗೆ ಹತ್ತಿರ ಹತ್ತಿರ ದುಪ್ಪಟ್ಟು. ಅಷ್ಟರಮಟ್ಟಿಗೆ ಊಟ ಕಡಿಮೆಯಾಗಿತ್ತು. ಜನರಿಗೆ ಅಡುಗೆ ಬರುವುದಿಲ್ಲ, ಸಂಸಾರ ತೂಗಿಸಲು ಗೊತ್ತಿಲ್ಲ ಅನ್ನುವ ವಾದಕ್ಕೆ ಈ ಅಂಕಿಅಂಶ ಕೊಟ್ಟ ಪೆಟ್ಟು ಸಣ್ಣದಲ್ಲ.

ಮಕ್ಕಳ ಮಾತಾಯಿತು. ತಾಯಂದಿರು? ಇಲ್ಲಿ ಚಿತ್ರ ಪೂರ್ತಿ ಬೇರೆ. ಈ ಅವಧಿಯ ಬಹುಪಾಲು ಕಾಲ, ಹೆರಿಗೆಗೆ ಸಂಬಂಧಿಸಿದ ಸಾವು ಸಾವಿರಕ್ಕೆ ನಾಲ್ಕರ ಆಸುಪಾಸಿನಲ್ಲೇ ನಿಂತಿತ್ತು. 1930ರ ದಶಕದ ಮಧ್ಯದವರೆಗೂ ಇಳಿಯಲಿಲ್ಲ, ಸ್ವಲ್ಪ ಏರಿತು ಕೂಡ. ವರ್ಷಕ್ಕೆ ಸುಮಾರು 3 ಸಾವಿರ ತಾಯಂದಿರು. 1924ರಲ್ಲಿ ಸಚಿವಾಲಯದ ಡಾ. ಜಾನೆಟ್ ಕ್ಯಾಂಪ್‌ಬೆಲ್ ಇದರ ಬಗ್ಗೆ ವರದಿ ಕೊಟ್ಟರು. ನಂತರ ಸರ್ಕಾರದ ಸಮಿತಿಯೊಂದು ಸಾವಿರಾರು ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿ, ಹೆಚ್ಚುಕಡಿಮೆ ಅರ್ಧದಷ್ಟನ್ನು ತಪ್ಪಿಸಬಹುದಿತ್ತು ಎಂದು 1932ರಲ್ಲಿ ಹೇಳಿತು.

ಇಲ್ಲಿ ಬಡತನ ಒಂದನ್ನೇ ಹೊಣೆ ಮಾಡಲು ಬರುವುದಿಲ್ಲ. ನನ್ನ ವಾದಕ್ಕೆ ಇದು ಅಷ್ಟು ಅನುಕೂಲ ಅಲ್ಲ, ಆದರೂ ಹೇಳಬೇಕು. ಅದೇ 1930-32ರ ಲೆಕ್ಕದಲ್ಲಿ ಮೇಲ್ವರ್ಗದ ಹೆಂಗಸರ ಹೆರಿಗೆ ಸಾವು ಕೂಲಿಕಾರರ ಹೆಂಡತಿಯರಿಗಿಂತ ಜಾಸ್ತಿಯೇ ಇತ್ತು. ದುಡ್ಡಿದ್ದವರು ಡಾಕ್ಟರನ್ನು ಕರೆಸುತ್ತಿದ್ದರು. ಅವಸರದಲ್ಲಿ ಇಕ್ಕಳ ಹಾಕುವುದು, ತೊಳೆಯದ ಕೈ, ಗಂಟಲು ನೋವಿದ್ದ ಡಾಕ್ಟರ್‌ನಿಂದಲೇ ಹರಡುವ ಸೋಂಕು, ಇವೆಲ್ಲ ಜೊತೆಗೆ ಬರುತ್ತಿದ್ದವು. ಸಾವಿನಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಬಾಣಂತಿ ನಂಜಿನದು. ಬಡವರ ಮನೆಗೆ ಬರುತ್ತಿದ್ದ ತರಬೇತಿ ಪಡೆದ ಸೂಲಗಿತ್ತಿ ಎಷ್ಟೋ ಸಲ ಹೆಚ್ಚು ಸುರಕ್ಷಿತ. ಬಸುರಿಯರ ತಪಾಸಣೆಯ ಕ್ಲಿನಿಕ್‌ಗಳು ಹೆಚ್ಚಿದವು, 1930ರ ದಶಕದ ಮಧ್ಯಕ್ಕೆ ಹೆಚ್ಚುಕಡಿಮೆ ಅರ್ಧದಷ್ಟು ಬಸುರಿಯರು ಹೋಗುತ್ತಿದ್ದರು. ಆದರೆ ಅಲ್ಲಿ ತಪಾಸಣೆ ಮಾಡಿದವರು ಒಬ್ಬರು, ಹೆರಿಗೆ ಮಾಡಿಸುವವರು ಇನ್ನೊಬ್ಬರು. ಇಬ್ಬರ ನಡುವೆ ಮಾತುಕತೆಯೇ ಇರುತ್ತಿರಲಿಲ್ಲ.

ತಾಯಿಯನ್ನು ಈ ವ್ಯವಸ್ಥೆ ಹೇಗೆ ನೋಡಿತು ಅನ್ನುವುದಕ್ಕೆ ಇನ್ನೊಂದು ಜಗಳ ಸಾಕ್ಷಿ. ಕ್ಲಿನಿಕ್‌ಗೆ ಬಂದ ತಾಯಂದಿರು ಹೆಲ್ತ್ ವಿಸಿಟರ್ ಕಿವಿಯಲ್ಲಿ ಕೇಳುತ್ತಿದ್ದ ಪ್ರಶ್ನೆ ಒಂದೇ, ಇನ್ನು ಮಗು ಆಗದ ಹಾಗೆ ಏನು ಮಾಡಲಿ? ಉತ್ತರ ಕೊಡುವಂತಿರಲಿಲ್ಲ. ಮೇರಿ ಸ್ಟೋಪ್ಸ್ 1921ರ ಮಾರ್ಚ್‌ನಲ್ಲಿ ಲಂಡನ್ನಿನ ಹಾಲೊವೇಯಲ್ಲಿ ಖಾಸಗಿಯಾಗಿ ಜನನ ನಿಯಂತ್ರಣ ಕ್ಲಿನಿಕ್ ತೆರೆದಿದ್ದರು. 1922ರಲ್ಲಿ ಎಡ್ಮಂಟನ್‌ನ ಹೆಲ್ತ್ ವಿಸಿಟರ್ ನರ್ಸ್ ಡೇನಿಯಲ್ಸ್, ಎಲ್ಲಿ ಹೋದರೆ ಇಂಥ ಸಲಹೆ ಸಿಗುತ್ತದೆ ಅಂತ ತಾಯಂದಿರಿಗೆ ತಿಳಿಸಿದ್ದಕ್ಕೆ ಕೆಲಸ ಕಳೆದುಕೊಂಡರು. 1924ರಲ್ಲಿ ಡೋರಾ ರಸೆಲ್ ಮತ್ತಿತರರ ನಿಯೋಗ ಆರೋಗ್ಯ ಸಚಿವ ಜಾನ್ ವೀಟ್ಲಿಯವರನ್ನು ಕಂಡಿತು. ಬಡವರಿಗೆ ಮನೆ ಕಟ್ಟಿಸುವ ಕಾಯ್ದೆ ತಂದ ಲೇಬರ್ ಸಚಿವ ಅವರು. ಈ ವಿಷಯದಲ್ಲಿ ಮಾತ್ರ ಒಪ್ಪಲಿಲ್ಲ. ಗಣಿಗೆ ಇಳಿಯುವುದಕ್ಕಿಂತ ಹೆರುವುದು ನಾಲ್ಕು ಪಟ್ಟು ಅಪಾಯ ಅನ್ನುವ ಘೋಷಣೆ ಇಟ್ಟುಕೊಂಡು ಲೇಬರ್ ಪಕ್ಷದ ಮಹಿಳೆಯರು ಊರೂರು ಸುತ್ತಿದರು. ಕೊನೆಗೆ 1930ರಲ್ಲಿ ಸಚಿವಾಲಯ ‘153/ಎಂಸಿಡಬ್ಲ್ಯೂ’ ಅನ್ನುವ ಟಿಪ್ಪಣಿ ಹೊರಡಿಸಿತು. ಮತ್ತೆ ಬಸುರಾದರೆ ಆರೋಗ್ಯಕ್ಕೆ ಅಪಾಯ ಇರುವ ಮದುವೆಯಾದ ಹೆಂಗಸರಿಗೆ ಮಾತ್ರ ಸಲಹೆ ಕೊಡಬಹುದು ಎಂದಿತು. ಎಷ್ಟೋ ಕೌನ್ಸಿಲ್‌ಗಳು ಅದನ್ನೂ ಬಳಸಲಿಲ್ಲ. ಅದೇ 1930ರಲ್ಲಿ ನಮ್ಮ ಮೈಸೂರು ಸಂಸ್ಥಾನದ ಸರ್ಕಾರ ತಾನೇ ಜನನ ನಿಯಂತ್ರಣ ಕ್ಲಿನಿಕ್ ತೆರೆಯಲು ಒಪ್ಪಿಗೆ ಕೊಟ್ಟಿತು. ಈ ಒಂದು ವಿಷಯದಲ್ಲಿ ಲಂಡನ್ ಹಿಂದೆಮುಂದೆ ನೋಡುತ್ತಿದ್ದಾಗ ಮೈಸೂರು ಧೈರ್ಯ ತೋರಿತ್ತು.

ತಾಯಂದಿರ ಸಾವು ಕೊನೆಗೂ ಇಳಿದದ್ದು ಕೈಗೆ ಏನಾದರೂ ಸಿಕ್ಕಾಗ. 1936ರಲ್ಲಿ ಕ್ವೀನ್ ಷಾರ್ಲಟ್ಸ್ ಆಸ್ಪತ್ರೆಯಲ್ಲಿ ಲೆನಾರ್ಡ್ ಕೋಲ್‌ಬ್ರೂಕ್ ಬಾಣಂತಿ ನಂಜಿಗೆ ಪ್ರಾಂಟೊಸಿಲ್ ಔಷಧಿ ಕೊಟ್ಟು ನೋಡಿದರು, ಪರಿಣಾಮ ಕಣ್ಣಿಗೆ ಕಂಡಿತು. ಅದೇ ವರ್ಷದ ಸೂಲಗಿತ್ತಿ ಕಾಯ್ದೆ, ತರಬೇತಿ ಪಡೆದ ಸಂಬಳದ ಸೂಲಗಿತ್ತಿಯರು ಎಲ್ಲ ಕಡೆ ಇರುವಂತೆ ನೋಡಿಕೊಳ್ಳುವುದು ಸ್ಥಳೀಯ ಸಂಸ್ಥೆಗಳ ಕರ್ತವ್ಯ ಎಂದು ಹೇಳಿತು. ಈ ಸಲ ಕಡ್ಡಾಯ. 1939ರ ಹೊತ್ತಿಗೆ ಹೆರಿಗೆ ಸಾವು ಸಾವಿರಕ್ಕೆ ಮೂರರ ಹತ್ತಿರ ಬಂತು. ಆಮೇಲೆ ಯುದ್ಧಕಾಲದ ಸರ್ಕಾರಿ ಹಾಲು, 1948ರಲ್ಲಿ ಎಲ್ಲರಿಗೂ ಉಚಿತ ವೈದ್ಯಸೇವೆ. ‘ನಿಮ್ಮ ಡಾಕ್ಟರ್ ಹತ್ತಿರ ಹೋಗಿ’ ಎಂದಾಗ ತಾಯಿ ಪರ್ಸು ತೆರೆದು ನೋಡಿಕೊಳ್ಳುವ ಕಾಲ ಮುಗಿಯಿತು.

ಈಗಿನ ಹಬ್‌ಗಳಿಗೆ ಬರೋಣ. ಇವತ್ತು ಇಂಗ್ಲೆಂಡಿನಲ್ಲಿರುವ ಕನ್ನಡದ ಕುಟುಂಬಗಳಿಗೂ ಮಗು ಹುಟ್ಟಿದಾಗ ‘ರೆಡ್ ಬುಕ್’ ಅನ್ನುವ ಮಗುವಿನ ಆರೋಗ್ಯ ದಾಖಲೆಯ ಪುಸ್ತಕ ಸಿಗುತ್ತದೆ. ಅದರೊಳಗಿನ ತೂಕದ ರೇಖೆ ಆ ಹಳೆಯ ಕಾರ್ಡಿನ ವಂಶದ್ದೇ, ನಮ್ಮ ತಾಯಿ ಕಾರ್ಡಿನ ಹಾಗೆ. ಪುಸ್ತಕ ಇದೆ, ಅದನ್ನು ತುಂಬಿಸಬೇಕಾದ ಹೆಲ್ತ್ ವಿಸಿಟರ್‌ಗಳು ಕಡಿಮೆಯಾಗಿದ್ದಾರೆ. 2015ರಲ್ಲಿ ಈ ಸೇವೆಯ ಹೊಣೆ ಮತ್ತೆ ಸ್ಥಳೀಯ ಕೌನ್ಸಿಲ್‌ಗಳಿಗೆ ಬಂತು. ಅವುಗಳ ಸಾರ್ವಜನಿಕ ಆರೋಗ್ಯದ ಅನುದಾನಕ್ಕೆ ಕತ್ತರಿ ಬಿತ್ತು, ಹೆಲ್ತ್ ವಿಸಿಟರ್‌ಗಳ ಸಂಖ್ಯೆ ಜೋರಾಗಿ ಇಳಿಯಿತು. ತುಂಬ ಬಡ ಪ್ರದೇಶಗಳ ಶಿಶು ಮರಣ ಇವತ್ತಿಗೂ ಅನುಕೂಲಸ್ಥ ಪ್ರದೇಶಗಳ ಎರಡು ಪಟ್ಟಿಗಿಂತ ಜಾಸ್ತಿ. 2017ರಲ್ಲಿ ತಂದ ನಿಯಮ, ಮೂರನೇ ಮಗು ಮತ್ತು ಆಮೇಲಿನ ಮಕ್ಕಳಿಗಾಗಿ ಬಡ ಕುಟುಂಬಗಳಿಗೆ ನೆರವು ಕೊಡುವುದನ್ನು ನಿಲ್ಲಿಸಿತ್ತು. ಅದನ್ನು ತೆಗೆದುಹಾಕುವುದಾಗಿ 2025ರ ನವೆಂಬರ್ ಬಜೆಟ್‌ನಲ್ಲಿ ಹೇಳಲಾಯಿತು. ನನ್ನ ಲೆಕ್ಕದಲ್ಲಿ ಹಬ್‌ಗಳ ಉದ್ಘಾಟನೆಗಿಂತ ಇದು ದೊಡ್ಡ ಸುದ್ದಿ.

ಹಬ್‌ಗಳು ಬೇಡ ಅಂತ ಅಲ್ಲ. ಶ್ಯೂರ್ ಸ್ಟಾರ್ಟ್ ಹತ್ತಿರದಲ್ಲಿದ್ದ ಬಡ ಮಕ್ಕಳು ಮುಂದೆ ಆಸ್ಪತ್ರೆ ಸೇರುವುದು ಕಡಿಮೆಯಾಯಿತು ಎಂದು ಅಲ್ಲಿನ ಅರ್ಥಶಾಸ್ತ್ರಜ್ಞರ ಅಧ್ಯಯನಗಳು ತೋರಿಸಿವೆ. ಜನ ಬರುತ್ತಾರೆ, ಪ್ರಯೋಜನವೂ ಆಗುತ್ತದೆ. ನೋಡಬೇಕಾದದ್ದು ಒಳಗೆ ಏನು ಸಿಗುತ್ತದೆ ಅನ್ನುವುದನ್ನು. ಪೋಷಕರ ತರಗತಿ ಮತ್ತು ಕರಪತ್ರವಾ, ಅಥವಾ ಅಲ್ಲೇ ಕೂತಿರುವ ಸೂಲಗಿತ್ತಿ, ಹೆಲ್ತ್ ವಿಸಿಟರ್, ಬಾಡಿಗೆ ಮತ್ತು ಭತ್ಯೆಯ ಸಮಸ್ಯೆ ಬಗೆಹರಿಸಿಕೊಡುವವರಾ? ಈ ಕೆಲಸಗಳು ಕಾನೂನಿನ ಪ್ರಕಾರ ಕಡ್ಡಾಯವಾ, ಇಲ್ಲ 1918ರ ಹಾಗೆ ಮತ್ತೆ ಕೌನ್ಸಿಲ್‌ನ ಇಷ್ಟಕ್ಕೆ ಬಿಟ್ಟದ್ದಾ? ಸ್ಟಾಕ್‌ಟನ್‌ನಂಥ ಊರುಗಳಿಗೆ ಲಂಡನ್ನಿನಿಂದ ಹೋಗುವ ದುಡ್ಡು ಅಲ್ಲಿನ ಬಡತನದ ಅಳತೆಗೆ ತಕ್ಕಂತೆ ಇರುತ್ತದಾ? 2028ಕ್ಕೆ ಕಾಯದೆ, ಪ್ರತಿ ವರ್ಷದ ಬಜೆಟ್‌ನಲ್ಲೇ ಇದನ್ನು ಕೇಳಬಹುದು.